ಗೋಡೆ ತೇವ ಬಿಟ್ಟರೆ ಹುಳುವಿಗೂ ಕಂಟಕ: ಮಳೆಗಾಲಕ್ಕೆ ಮುಂಚೆ ಏನು ಮಾಡಬೇಕು?

ಮಾಗಡಿಯ ಕೆಂಪಾಪುರದಿಂದ ಹಿಡಿದು ಕನಕಪುರ, ಚನ್ನಪಟ್ಟಣದವರೆಗೆ ಎಷ್ಟೋ ರೈತರು ಇವತ್ತಿಗೂ ವಾಸದ ಮನೆಯ ಒಂದು ಕೋಣೆಯಲ್ಲೇ ರೇಷ್ಮೆ ಹುಳು ಸಾಕ್ತಾರೆ. ಅಂಥ ಮನೆಯಲ್ಲಿ ಗೋಡೆ ತೇವ ಬಿಟ್ಟರೆ ಬಣ್ಣ ಹಾಳಾಗೋದಷ್ಟೇ ಅಲ್ಲ, ಬೆಳೆಯೇ ಕೈತಪ್ಪಬಹುದು. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜೋರು. ಆದ್ದರಿಂದ ಈಗಲೇ ಗೋಡೆ ನೋಡಿಕೊಳ್ಳಿ.

ತೇವಕ್ಕೂ ರೋಗಕ್ಕೂ ಏನು ಸಂಬಂಧ?

ದೊಡ್ಡ ಹುಳುವಿಗೆ ಶೇ. 65ರಿಂದ 70ರಷ್ಟು ತೇವಾಂಶ ಸಾಕು. ಅದಕ್ಕಿಂತ ಹೆಚ್ಚಾಗಿ, ಜೊತೆಗೆ ಥಂಡಿಯೂ ಇದ್ದರೆ ಸುಣ್ಣಕಟ್ಟು ರೋಗದ ಶಿಲೀಂಧ್ರ ಬೇಗ ಹರಡುತ್ತೆ. ಸತ್ತ ಹುಳು ಗಟ್ಟಿಯಾಗಿ ಸೀಮೆಸುಣ್ಣದ ಹಾಗೆ ಬೆಳ್ಳಗಾಗುತ್ತೆ. ಆ ಬಿಳಿ ಪುಡಿಯೇ ರೋಗದ ಬೀಜ.

ನೀರು ಎಲ್ಲಿಂದ ಬರ್ತಿದೆ?

1. ಕಲೆ ಸೂರಿನ ಹತ್ತಿರ ಇದ್ದು ಮಳೆ ಬಂದಾಗ ಹೆಚ್ಚಾದರೆ, ತಾರಸಿ ಬಿರುಕು ಅಥವಾ ಪಾರಾಪೆಟ್ ಬುಡ ನೋಡಿ.
2. ಬಚ್ಚಲು, ನೀರಿನ ತೊಟ್ಟಿಯ ಹಿಂದಿನ ಗೋಡೆ ಬೇಸಿಗೆಯಲ್ಲೂ ಒದ್ದೆ ಇದ್ದರೆ ಪೈಪ್ ಸೋರಿಕೆ.
3. ನೆಲದಿಂದ ಎರಡು ಮೂರು ಅಡಿವರೆಗೆ ಕಲೆ, ಬಿಳಿ ಉಪ್ಪಿನ ಪುಡಿ, ಉದುರುವ ಗಾರೆ ಕಂಡರೆ ಪಾಯದಿಂದ ತೇವ ಏರ್ತಿದೆ. ಡಿಪಿಸಿ ಪದರ ಇಲ್ಲದ ಹಳೇ ಮನೆಗಳಲ್ಲಿ ಇದೇ ಹೆಚ್ಚು.

ಅನುಮಾನ ಇದ್ದರೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಇದ್ದರೆ ತೇವ ಗೋಡೆಯೊಳಗಿದೆ. ಮುಂದೆ ಹನಿ ಇದ್ದರೆ ಕೋಣೆಯಲ್ಲಿ ಗಾಳಿ ಆಡ್ತಿಲ್ಲ ಅಂತ ಅರ್ಥ. ಕಿಟಕಿ, ಬೆಳಕಿಂಡಿ ತೆರೆದರೆ ಅರ್ಧ ಸಮಸ್ಯೆ ಹೋಗುತ್ತೆ.

ಸರಿಪಡಿಸೋದು ಹೇಗೆ?

ಮೊದಲು ಹೊರಗೆ ನೋಡಿ. ಗೋಡೆಗೆ ಒರಗಿಸಿದ ಗೊಬ್ಬರ, ಮಣ್ಣಿನ ರಾಶಿ ತೆಗೆಯಿರಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ತಗ್ಗಿರಲಿ. ಸೂರಿನ ನೀರು ಪಾಯದ ಬುಡಕ್ಕೆ ಬೀಳದ ಹಾಗೆ ಚರಂಡಿ ಮಾಡಿ.

ಆಮೇಲೆ ಕಲೆಗಿಂತ ಒಂದಡಿ ಮೇಲಿನವರೆಗೂ ಗಾರೆ ಕೆತ್ತಿ, ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಕೆಲವು ವಾರ ಒಣಗಲು ಬಿಡಿ. ಹಳೇ ಮಣ್ಣು, ಕಲ್ಲಿನ ಗೋಡೆಗೆ ಸುಣ್ಣದ ಗಾರೆಯೇ ಒಳ್ಳೇದು, ತೇವ ಹೊರಗೆ ಹೋಗಲು ದಾರಿ ಬಿಡುತ್ತೆ. ಒದ್ದೆ ಗೋಡೆ ಮೇಲೆ ಆಯಿಲ್ ಪೇಂಟ್ ಬಳಿದರೆ ಕಲೆ ಮುಚ್ಚುತ್ತೆ, ಆದರೆ ತೇವ ಇನ್ನೂ ಮೇಲಕ್ಕೆ ಏರುತ್ತೆ.

ಹುಳು ಮನೆಯಲ್ಲಿ

ಬೆಳೆ ಮುಗಿದ ಮೇಲೆ 100 ಲೀಟರ್ ನೀರಿಗೆ 2 ಕೆಜಿ ಬ್ಲೀಚಿಂಗ್ ಪೌಡರ್, 300 ಗ್ರಾಂ ಅರಳಿದ ಸುಣ್ಣ ಕಲಸಿ ಗೋಡೆ, ನೆಲಕ್ಕೆ ಚೆನ್ನಾಗಿ ಸಿಂಪಡಿಸಿ. ಮಾಸ್ಕ್, ಕೈಗವಸು ಮರೀಬೇಡಿ. ಸ್ಟ್ಯಾಂಡುಗಳನ್ನು ಗೋಡೆಗೆ ತಾಗಿಸದೆ ಓಡಾಡುವಷ್ಟು ಜಾಗ ಬಿಡಿ. ಮಳೆಯಲ್ಲಿ ನೆನೆದ ಸೊಪ್ಪು ಹಾಕಬೇಡಿ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಮೇಲೆ ಸುಣ್ಣದ ಪುಡಿ ತೆಳುವಾಗಿ ಉದುರಿಸಿ. ಗಟ್ಟಿಯಾದ ಹುಳು ಕಂಡರೆ ಬೆಳ್ಳಗಾಗುವ ಮೊದಲೇ ಆರಿಸಿ ಸುಟ್ಟುಬಿಡಿ.

ಈ ವಾರ ಮೊಬೈಲಿನಲ್ಲಿ ಪ್ರತಿ ಗೋಡೆಯ ಫೋಟೊ ತೆಗೆದು, ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಕಲೆ ಗೆರೆ ದಾಟಿದ್ದರೆ, ಮುಂದಿನ ಚಾಕಿ ತರುವ ಮುಂಚೆ ಗಾರೆಯವರನ್ನು ಕರೆಸಿ.