ಗೋಣಿಚೀಲದಲ್ಲಿ ಸುತ್ತಿಟ್ಟ ಕಂಪ್ಯೂಟರ್

ಪ್ರಶ್ನೆ: ನನ್ನ ಊರು ದೋಣಿಗಲ್, ಕೆಲಸ ಬೆಂಗಳೂರಿನಲ್ಲಿ. ಆಫೀಸುಗಳು ತೆಗೆದುಹಾಕುವ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡಿ, ನಾವು ಐದಾರು ಗೆಳೆಯರು ಕಾಫಿ ತೋಟಗಳ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಮಕ್ಕಳಿಗೆ ಉಚಿತವಾಗಿ ಕೊಡುತ್ತಿದ್ದೇವೆ. ಮಳೆಗಾಲ ಕಳೆದ ಮೇಲೆ ಹೋಗಿ ನೋಡಿದರೆ, ಏಳನೇ ಕ್ಲಾಸಿನ ಹುಡುಗಿಗೆ ಕೊಟ್ಟದ್ದು ಗೋಣಿಚೀಲದೊಳಗೆ ಮೂಲೆ ಸೇರಿತ್ತು. ಇನ್ನೊಂದು ಮನೆಯವರು ಮಾರಿಬಿಟ್ಟಿದ್ದರು. ಇನ್ನೂ ಹತ್ತು ಕಂಪ್ಯೂಟರ್ ಇವೆ. ಕೊಡಲು ಮನಸ್ಸೇ ಬರುತ್ತಿಲ್ಲ.

ಉತ್ತರ: ಕೊಡಿ. ಆದರೆ ಮನೆಗೊಂದರಂತೆ ಬೇಡ.

ಮೊದಲು ಆ ಗೋಣಿಚೀಲದ ಮಾತು. ನಿಮಗದು ಅಸಡ್ಡೆಯಾಗಿ ಕಂಡಿದೆ. ನನಗೆ ಆ ತಾಯಿಯ ಜೋಪಾನ ಕಾಣುತ್ತಿದೆ. ನಿಮ್ಮ ಕಡೆಯ ಮಳೆಗೆ ಗೋಡೆ ಬೆವರುತ್ತದೆ, ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸಲು ಬರುತ್ತದೆ. ಮನೆಗೆ ಬಂದ ಬೆಲೆಬಾಳುವ ವಸ್ತುವನ್ನು ಅವರು ಸುತ್ತಿಟ್ಟಿದ್ದಾರೆ. ಕೆಟ್ಟುಹೋದರೆ ದುಡ್ಡು ಕಟ್ಟಬೇಕೇನೋ ಎಂಬ ಹೆದರಿಕೆಯೂ ಇದ್ದೀತು. 'ಕೆಟ್ಟರೆ ನಾವಿದ್ದೇವೆ, ಮಗು ಮುಟ್ಟಲಿ' ಎಂದು ಕೊಡುವಾಗ ಹೇಳಿದ್ದಿರಾ? ಬೈಗುಳ ತಿನ್ನುವ ಭಯವಿದ್ದರೆ ಯಾವ ಮಗುವೂ ಕಂಪ್ಯೂಟರ್ ಕಲಿಯುವುದಿಲ್ಲ. ಇನ್ನು ಮಾರಿದವರ ಮೇಲೆ ಕೋಪ ಬೇಡ. ಯಾವ ಕಷ್ಟಕ್ಕೆ ಮಾರಿದರೋ, ಕೊಟ್ಟ ಮೇಲೆ ಅದು ಅವರದ್ದೇ.

ಮನೆಗೊಂದರ ಬದಲು ಏನು ಮಾಡಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. ಬೆಂಗಳೂರಿನ ಸುದರ್ಶನ ಲೇಔಟ್ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಲ್ಲಿನ ನಿವಾಸಿಗಳ ಜೊತೆ ಸೇರಿ ಅಂಬೇಡ್ಕರ್ ಸಮುದಾಯ ಕಂಪ್ಯೂಟಿಂಗ್ ಕೇಂದ್ರ ಕಟ್ಟಿದರು. ದಾನವಾಗಿ ಬಂದ ಹಳೆಯ ಯಂತ್ರಗಳು, ಲಿನಕ್ಸ್, ಬಂದು ಪಕ್ಕದಲ್ಲಿ ಕೂತು ಕಲಿಸುವ ಸ್ವಯಂಸೇವಕರು. ನಾನು ಹೆಚ್ಚು ಬೆಲೆ ಕೊಡುವುದು ಆ ಕೂತವರಿಗೆ.

ದೋಣಿಗಲ್‌ನಲ್ಲೂ ಹಾಗೆ ಒಂದು ಕೋಣೆ ಹುಡುಕಿ: ಶಾಲೆಯದ್ದೋ, ಸಮುದಾಯ ಭವನದ್ದೋ. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ, ಉತ್ತರ ಕರ್ನಾಟಕದಿಂದ ಬರುವ ಕುಟುಂಬಗಳ ಮಕ್ಕಳು ಕೊಯ್ಲು ಮುಗಿದಾಗ ಹೊರಟುಬಿಡುತ್ತಾರೆ. ಕೋಣೆಯಾದರೆ ಇದ್ದಷ್ಟು ದಿನ ಅವರೂ ಕಲಿತಾರು. ಕರೆಂಟ್ ಬಿಲ್ಲಿನ ಚಿಂತೆಯೂ ತಾಯಂದಿರಿಗಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಇದೆಯಲ್ಲ ಎನ್ನಬೇಡಿ, ಲೈನ್ ಮನೆಗೆ ತನ್ನದೇ ಮೀಟರ್ ಇಲ್ಲದಿದ್ದರೆ ಅದು ಸಿಗದು. ಬೀಗದ ಕೈ ಊರಲ್ಲೇ ಇರುವ, ಪಿಯುಸಿ ಮುಗಿಸಿದ ಯಾರಾದರೊಬ್ಬರ ಹತ್ತಿರ ಇರಲಿ. ಅವರಿಗೆ ತಿಂಗಳಿಗಿಷ್ಟು ಎಂದು ಗೌರವಧನ ಕೊಡಿ. ಹನ್ನೊಂದನೇ ಕಂಪ್ಯೂಟರ್‌ಗಿಂತ ಆ ಖರ್ಚು ಸಾರ್ಥಕ.

ಯಂತ್ರಗಳ ಕೊರತೆ ನಿಮಗಾಗದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ, ಗಟ್ಟಿಮುಟ್ಟಾದ ಎಷ್ಟೋ ಕಂಪ್ಯೂಟರ್‌ಗಳು ಆಫೀಸುಗಳಿಗೆ ಬೇಡವಾಗುತ್ತಿವೆ. ಹಳೆಯ ಮಾಹಿತಿ ಪೂರ್ತಿ ಅಳಿಸಿ, ಎಸ್‌ಎಸ್‌ಡಿ ಕೂರಿಸಿ, ಲಿನಕ್ಸ್ ಹಾಕಿದರೆ ಚುರುಕಾಗಿ ಓಡುತ್ತವೆ. ಚಿಕ್ಕವರಿಗೆ ಜಿಕಾಂಪ್ರಿ ಎಂಬ ಕಲಿಕೆಯ ಆಟಗಳ ತಂತ್ರಾಂಶ ಹಾಕಿಡಿ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಕನ್ನಡ ವಿಕಿಪೀಡಿಯ ತುಂಬಿಸಿಟ್ಟರೆ ನೆಟ್‌ವರ್ಕ್ ಇಲ್ಲದ ದಿನವೂ ಓದಬಹುದು. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆಯಾದರೂ ಆನ್ ಮಾಡಿಡಲಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡುವ ಅಭ್ಯಾಸವಾಗಲಿ. ದಯವಿಟ್ಟು ಮಕ್ಕಳ ಕೈಗೆ ಕಂಪ್ಯೂಟರ್ ಕೊಟ್ಟು ಫೋಟೋ ತೆಗೆಸಬೇಡಿ. ಕ್ಲಾಸಿನಲ್ಲಿ ಅವರು ನಾಳೆಯೂ ತಲೆಯೆತ್ತಿ ಕೂರಬೇಕು.

ಮುಂದಿನ ಸಲ ಊರಿಗೆ ಹೋದಾಗ ಆ ಹುಡುಗಿಯ ಮನೆಗೆ ಹೋಗಿ. ಯಾಕೆ ಬಳಸಲಿಲ್ಲ ಎಂದು ಕೇಳಬೇಡಿ. ಅವಳ ತಾಯಿಯ ಎದುರೇ ಗೋಣಿಚೀಲ ಬಿಚ್ಚಿ, ಸ್ವಿಚ್ಚನ್ನು ಅವಳಿಂದಲೇ ಒತ್ತಿಸಿ. ಆನ್ ಆಗದಿದ್ದರೆ ಪ್ಲಗ್ ತೆಗೆದು, ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಡಿ. ರ‍್ಯಾಮ್ ಬಿಚ್ಚಿ ಒರೆಸಿ ಮತ್ತೆ ಕೂರಿಸುವುದು ಹೇಗೆಂದು ಪಕ್ಕದಲ್ಲಿ ಕೂತು ತೋರಿಸಿ.