ಹುಳುವಿನ ಕೋಶದಲ್ಲಿ ಮಾನವ ಪ್ರೋಟೀನು

ಶಹಾಪುರದ ಬಳಿಯ ವನದುರ್ಗದ ಕಡೆಯ ಹತ್ತಿ, ತೊಗರಿ ಬೆಳೆಗಾರರಿಗೆ ಕಾಯಿಕೊರಕ ಹುಳುವಿನ ಪರಿಚಯ ಹೇಳಬೇಕಾಗಿಲ್ಲ. ಅದಕ್ಕೂ ಒಬ್ಬ ವೈರಿಯುಂಟು: ಬ್ಯಾಕ್ಯುಲೋವೈರಸ್. ಅದು ತಗಲಿದ ಹುಳು ಗಿಡದ ತುದಿಗೇರಿ, ತಲೆಕೆಳಗಾಗಿ ಜೋತು ಸಾಯುತ್ತದೆ. ಹೊಲದಲ್ಲಿ ಈ ವೈರಸ್ಸು ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಹರಳಿನೊಳಗೆ ಅಡಗಿ ಉಳಿಯುತ್ತದೆ. ಸೋಂಕಿನ ಕೊನೆಗಾಲದಲ್ಲಿ ಹುಳುವಿನ ಕೋಶಗಳು ಈ ಪ್ರೋಟೀನನ್ನೇ ರಾಶಿರಾಶಿಯಾಗಿ ತಯಾರಿಸುತ್ತವೆ.

ಪ್ರಯೋಗಶಾಲೆಯ ಪಾತ್ರೆಯಲ್ಲಿ ಬೆಳೆಸಿದ ಕೋಶಗಳನ್ನು ತಗಲಲು ವೈರಸ್ಸಿಗೆ ಹರಳು ಬೇಡ. ಹಾಗಾದರೆ ಆ ಜೀನಿನ ಸ್ಥಾನದಲ್ಲಿ ಮಾನವ ಜೀನನ್ನೇ ಇಡಬಾರದೇಕೆ? ಕಾಯಿಕೊರಕದ ವೈರಸ್ಸಿನ ದಾಯಾದಿಯೊಂದನ್ನು ಬಳಸಿ, ಅಮೆರಿಕದ ಸ್ಮಿತ್, ಸಮ್ಮರ್ಸ್, ಫ್ರೇಸರ್ ಎಂಬವರು 1983ರಲ್ಲಿ ಹೀಗೆ ಮಾನವ ಇಂಟರ್‌ಫೆರಾನನ್ನು ಪಡೆದರು.

ವೈರಸ್ಸಿನ ಡಿ.ಎನ್.ಎ. ಬಹಳ ಉದ್ದ, ನೇರವಾಗಿ ಕತ್ತರಿಸಿ ಜೋಡಿಸುವುದು ತೊಡಕು. ಆದುದರಿಂದ ಪ್ಲಾಸ್ಮಿಡ್ ಎಂಬ ಪುಟ್ಟ ಡಿ.ಎನ್.ಎ. ಬಳೆಯಲ್ಲಿ ಪಾಲಿಹೆಡ್ರಿನ್ ಜೀನಿನ ಚಾಲಕ ಭಾಗವನ್ನೂ ಅದರ ಮುಂದೆ ಮಾನವ ಜೀನನ್ನೂ ಕೂಡಿಸಿ, ಅಲ್ಲಿಂದ ವೈರಸ್ಸಿಗೆ ಸಾಗಿಸುತ್ತೇವೆ. ಜೀನಿನ ಕೊನೆಗೊಂದು ಗುರುತನ್ನೂ ಹೊಲಿಯುತ್ತೇವೆ. ಅದರಿಂದ ಪ್ರೋಟೀನಿಗೆ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಸಾಲಾಗಿ ಆರು ಸಲ ಅಂಟುತ್ತದೆ. ಈ ಬಾಲ ನಿಕಲ್ ಲೋಹವನ್ನು ಹಿಡಿಯುವುದರಿಂದ, ಸಾವಿರಾರು ಪ್ರೋಟೀನುಗಳ ನಡುವಿನಿಂದ ಬೇಕಾದುದನ್ನು ಸೋಸಿ ತೆಗೆಯಬಹುದು.

ಬ್ಯಾಕ್ಟೀರಿಯವೇ ಸಾಲದೆ? ಪುಟ್ಟ ಇನ್ಸುಲಿನ್ನಿಗೆ ಸಾಕಾಯಿತು. ದೊಡ್ಡ ಮಾನವ ಪ್ರೋಟೀನುಗಳು ಅಲ್ಲಿ ಸರಿಯಾಗಿ ಮಡಿಚಿಕೊಳ್ಳದೆ ಗಂಟುಗಟ್ಟುವುದುಂಟು. ಅವಕ್ಕೆ ಬೇಕಾದ ಸಕ್ಕರೆಯ ಕೊಂಡಿಗಳೂ ಕೂಡುವುದಿಲ್ಲ. ಹುಳುವಿನ ಕೋಶ ಮಡಿಚುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಸಕ್ಕರೆಯನ್ನೂ ಕೂಡಿಸುತ್ತದೆ, ಆದರೆ ಅದು ಮಾನವನ ಮಾದರಿಯದಲ್ಲ.

ಇಂಥ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ಅಮೆರಿಕ ಮೂಲದ ಸೈನಿಕ ಹುಳುವಿನ ಅಂಡಾಶಯದ ಕೋಶಗಳನ್ನು. 2018ರಲ್ಲಿ ಕರ್ನಾಟಕದ ಮೆಕ್ಕೆಜೋಳದ ಮೇಲೆ ಬಂದೆರಗಿದ್ದೂ ಇದೇ ಹುಳು.