ಹೃದಯದ ಮಾಂಸಕ್ಕೆ ರಕ್ತ ತಲುಪ್ತಿದೆಯಾ? ಎಂ.ಆರ್.ಐ. ಏನು ಹೇಳತ್ತೆ

ಗೈದರ್ಸ್‌ಬರ್ಗ್‌ನಿಂದ ಐ-270 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದ್ರೆ ಬೆಥೆಸ್ಡಾ. ಅಲ್ಲಿನ ಎನ್.ಐ.ಎಚ್. ವಿಜ್ಞಾನಿಗಳು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಎದೆನೋವು ಅಂತ ತುರ್ತು ಚಿಕಿತ್ಸೆಗೆ ಬಂದ 161 ಜನ. ಯಾರ ಇಸಿಜಿಯಲ್ಲೂ ಹೃದಯಾಘಾತದ ಸ್ಪಷ್ಟ ಗುರುತಿಲ್ಲ. ಇವರನ್ನ ಮನೆಗೆ ಕಳಿಸೋದಾ, ಉಳಿಸಿಕೊಳ್ಳೋದಾ? ತಪ್ಪಾದ್ರೆ ಜೀವಕ್ಕೇ ಅಪಾಯ. ಎಲ್ಲರಿಗೂ ಎಂ.ಆರ್.ಐ. ಮಾಡಿದ್ರು. ನಿಜವಾಗಿ ತೊಂದರೆ ಇದ್ದವರಲ್ಲಿ ಶೇ. 84ರಷ್ಟು ಜನರನ್ನ ಅದು ಗುರುತಿಸ್ತು. ಎಲ್ಲರನ್ನೂ ಅಲ್ಲ, ಗಮನಿಸಿ. ಆದ್ರೆ ಇಸಿಜಿಗಿಂತ ಎಷ್ಟೋ ಮೇಲು.

ಇದು ಹೇಗೆ ಸಾಧ್ಯ? ಆಂಜಿಯೋಗ್ರಾಂ ತೋರಿಸೋದು ರಕ್ತನಾಳವನ್ನ, ಅಂದ್ರೆ ನಾಲೆಯನ್ನ. ನಾಲೆ ಚೆನ್ನಾಗಿ ಕಂಡ್ರೂ ಕೊನೆಯ ಗದ್ದೆಗೆ ನೀರು ಬರದೇ ಇರಬಹುದು. ಮದ್ದೂರು, ಮಳವಳ್ಳಿ ಕಡೆಯ ರೈತರನ್ನ ಕೇಳಿ! ಈ ಎಂ.ಆರ್.ಐ. ನೋಡೋದು ಗದ್ದೆಯನ್ನ, ಹೃದಯದ ಸ್ನಾಯುವನ್ನ.

ತೋಳಿನ ರಕ್ತನಾಳಕ್ಕೆ ಗ್ಯಾಡೋಲಿನಿಯಂ ಇರೋ ದ್ರವ ಕೊಡ್ತಾರೆ. ಇದು ಕಾಂತೀಯ ಗುಣದ ಲೋಹ. ಸುತ್ತಲಿನ ನೀರಿನ ಹೈಡ್ರೋಜನ್ ಬೇಗ ಮೊದಲಿನ ಸ್ಥಿತಿಗೆ ಮರಳೋ ಹಾಗೆ ಮಾಡತ್ತೆ. ಹಾಗಾಗಿ ಅದು ತಲುಪಿದ ಜಾಗ ಚಿತ್ರದಲ್ಲಿ ಬೆಳ್ಳಗಾಗತ್ತೆ. ದ್ರವ ಮೊದಲು ಹೃದಯದ ಬಲಭಾಗ, ಆಮೇಲೆ ಶ್ವಾಸಕೋಶ, ಎಡಭಾಗ, ಕೊನೆಗೆ ಸ್ನಾಯು ಹೀಗೆ ಸಾಗೋದನ್ನ ಒಂದೊಂದು ಬಡಿತಕ್ಕೂ ಚಿತ್ರ ತೆಗೀತಾರೆ. ರಕ್ತ ಕಡಿಮೆ ಇರೋ ಜಾಗ ಕಪ್ಪಾಗೇ ಉಳಿಯತ್ತೆ. ಸಾಮಾನ್ಯವಾಗಿ ಸ್ನಾಯುವಿನ ಒಳಪದರ ಮೊದಲು ಸೊರಗತ್ತೆ.

ಬೆಥೆಸ್ಡಾದಲ್ಲಿ ನೋಡಿದ್ದು ವಿಶ್ರಾಂತಿಯಲ್ಲಿದ್ದ ಹೃದಯ. ನಡೆದಾಗ ಮಾತ್ರ ನೋವು ಬರೋವ್ರಿಗೆ ಅದು ಸಾಲದು, ಯಾಕಂದ್ರೆ ಅರ್ಧ ಕಟ್ಟಿಕೊಂಡ ನಾಳವೂ ವಿಶ್ರಾಂತಿಯಲ್ಲಿ ಹೇಗೋ ನಿಭಾಯಿಸತ್ತೆ. ಅವರಿಗೆ ಅಡೆನೋಸಿನ್ ಅನ್ನೋ ಔಷಧ ಕೊಡ್ತಾರೆ. ಆರೋಗ್ಯವಾದ ನಾಳಗಳು ಅಗಲವಾಗಿ ಅಲ್ಲಿ ರಕ್ತ ಹಲವು ಪಟ್ಟು ಹೆಚ್ಚತ್ತೆ; ಕಟ್ಟಿಕೊಂಡದ್ದರ ಕಡೆ ಹೆಚ್ಚೋದಿಲ್ಲ. ವ್ಯತ್ಯಾಸ ಎದ್ದು ಕಾಣತ್ತೆ. 2019ರಲ್ಲಿ ಬಂದ ಎಂಆರ್-ಇನ್‌ಫಾರ್ಮ್ ಅಧ್ಯಯನದಲ್ಲಿ 918 ರೋಗಿಗಳಿದ್ರು. ಈ ಎಂ.ಆರ್.ಐ. ನೋಡಿ ಚಿಕಿತ್ಸೆ ನಿರ್ಧರಿಸಿದ ಗುಂಪಿನಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರು ಕಡಿಮೆ. ಒಂದು ವರ್ಷದ ಫಲಿತಾಂಶ ಮಾತ್ರ ನಾಳದೊಳಗೆ ತಂತಿ ಹಾಕಿ ಒತ್ತಡ ಅಳೆದ ಗುಂಪಿಗಿಂತ ಕೆಟ್ಟದಾಗಿರಲಿಲ್ಲ.

ಕ್ಷ-ಕಿರಣ ಇಲ್ಲಿಲ್ಲ. ಆದ್ರೆ ಆಸ್ತಮಾ, ತೀವ್ರ ಮೂತ್ರಪಿಂಡದ ತೊಂದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ರೆ ಮೊದಲೇ ಹೇಳಲೇಬೇಕು. ಈಗಲೇ ಎದೆನೋವು ಇದ್ಯಾ? ಸ್ಕ್ಯಾನ್ ಬಗ್ಗೆ ಯೋಚಿಸ್ತಾ ಕೂರಬೇಡಿ, ಅಮೆರಿಕದಲ್ಲಿದ್ರೆ 911ಕ್ಕೆ ಕರೆ ಮಾಡಿ.

ಇನ್ನೊಂದು ಮಾತು, ನಮ್ಮವರಿಗೆ ಕಷ್ಟದ್ದು. ಕೆಫೀನ್ ಅಡೆನೋಸಿನ್ನಿನ ಕೆಲಸಕ್ಕೆ ಅಡ್ಡ ಬರತ್ತೆ. ಪರೀಕ್ಷೆಯ ಹಿಂದಿನ ದಿನದಿಂದಲೇ ಫಿಲ್ಟರ್ ಕಾಫಿ ಬಂದ್. ಟೀ ಕೂಡ.